ಸಾಲಿನಲ್ಲಿ ನಿಲ್ಲಲಾರದವರು

2023ರ ಯುಗಾದಿ ಊಟಕ್ಕೆ ಅಮೆರಿಕದಲ್ಲಿರುವ ನಮ್ಮೂರ ಕನ್ನಡ ಕೂಟದವರು ಒಂದು ಶಾಲೆಯ ಹಾಲ್ ಬಾಡಿಗೆಗೆ ಹಿಡಿದಿದ್ದರು. ನಾನು ಒಬ್ಬಟ್ಟಿನ ತಟ್ಟೆ ಹಿಡಿದು ನಿಂತಿದ್ದೆ. ಪಕ್ಕದಲ್ಲಿ ಪರಿಚಯದವರೊಬ್ಬರು ತಮ್ಮ ಒರ್ಲ್ಯಾಂಡೊ ಪ್ರವಾಸದ ಕತೆ ಹೇಳುತ್ತಿದ್ದರು. ಬೆಳಗ್ಗೆ ಥೀಮ್ ಪಾರ್ಕಿನ ಒಳಗೆ ಹೋದವರು ಮಧ್ಯಾಹ್ನದ ಊಟದ ಹೊತ್ತಿಗೆ ದೊಡ್ಡ ದೊಡ್ಡ ರೈಡ್‌ಗಳನ್ನೆಲ್ಲ ಮುಗಿಸಿಬಿಟ್ಟರಂತೆ. ಅದು ಹೇಗೆ ಸಾಧ್ಯ ಅಂತ ಯಾರೋ ಕೇಳಿದರು.

"ಏನಿಲ್ಲ ಕಣ್ರೀ, ಮಗಳಿಗೆ ಜನ ಕಂಡ್ರೆ ಗಾಬರಿ ಆಗತ್ತೆ, ಲೈನಲ್ಲಿ ನಿಲ್ಲಕ್ಕಾಗಲ್ಲ ಅಂದ್ವಿ. ಪಾಸ್ ಹಾಕ್ಕೊಟ್ರು. ಒಂದು ಪೇಪರ್ ಕೂಡ ಕೇಳಲ್ಲ ಅವರು."

"ಹೌದಾ, ಅವಳಿಗೆ ಹಾಗಾಗತ್ತಾ?"

"ಅಯ್ಯೋ ಇಲ್ಲಪ್ಪ, ಅವಳಿಗೇನು ಧಾಡಿ."

ಆಮೇಲೆ ನನ್ನ ಕಡೆ ತಿರುಗಿ, ಒಳ್ಳೆಯ ಮನಸ್ಸಿನಿಂದಲೇ, "ನಿಮಗಂತೂ ಬಿಡಿ, ಕೇಳಿದ ತಕ್ಷಣ ಕೊಡ್ತಾರೆ. ಅದೊಂದು ಅನುಕೂಲ ಇದೆ ನಿಮಗೆ" ಅಂದರು.

ನನ್ನ ಮಗ ಆಗ ಊಟದ ಮೇಜಿನ ಕೆಳಗೆ ಕೂತು ಒಂದು ಸ್ಟೀಲ್ ಚಮಚವನ್ನು ನೆಲದ ಮೇಲೆ ತಿರುಗಿಸುತ್ತಿದ್ದ. ಮೈಕಿನ ಸದ್ದು ತಡೆಯಲಾರದೆ ಅಲ್ಲಿಗೆ ಸೇರಿಕೊಂಡು ಮುಕ್ಕಾಲು ಗಂಟೆ ಆಗಿತ್ತು. ನಾನು ಅವರಿಗೆ ಉತ್ತರ ಕೊಡಲಿಲ್ಲ. ಅಂದು ಹೇಳಬೇಕಾಗಿದ್ದದ್ದು ಇಷ್ಟು ವರ್ಷ ಒಳಗೇ ಉಳಿದು, ಒಂದಕ್ಕೊಂದು ಕೂಡುತ್ತ ಹೋಗಿದೆ. ಇವತ್ತು ಬರೆಯುತ್ತಿದ್ದೇನೆ.

ಮೊದಲು ಕಾಯುವುದರ ಬಗ್ಗೆ ಹೇಳಬೇಕು. ಪುಟ್ಟನಿಗೆ (ಮನೆಯಲ್ಲಿ ಕರೆಯುವ ಹೆಸರೇ ಸಾಕು) ಮೂರು ವರ್ಷ ಇದ್ದಾಗ ಆಟಿಸಂ ಅಂತ ಗೊತ್ತಾಯಿತು. ನಾವಿರುವುದು ಫ್ಲೋರಿಡಾದಲ್ಲಿ, ಒರ್ಲ್ಯಾಂಡೊಗೆ ಒಂದೂವರೆ ಗಂಟೆಯ ದಾರಿ. ಇಲ್ಲಿನ ಮಕ್ಕಳಿಗೆ ಥೀಮ್ ಪಾರ್ಕ್ ಅಂದರೆ ನಮ್ಮ ಬಾಲ್ಯದ ಜಾತ್ರೆ ಇದ್ದ ಹಾಗೆ. ಅವನಿಗೂ ಇಷ್ಟ. ಸುತ್ತುವುದು, ತೇಲುವುದು, ನೀರಿಗೆ ಜಾರುವುದು ಅಂದರೆ ಪ್ರಾಣ. ಅವನ ಮೈ ಅಷ್ಟು ಹಗುರಾಗಿ, ಮುಖ ಅಷ್ಟು ಬಿಡುವಾಗಿ ಕಾಣುವ ಜಾಗ ನನಗೆ ಬೇರೆ ಗೊತ್ತಿಲ್ಲ. ಆದರೆ ಆ ಎರಡು ನಿಮಿಷದ ಮುಂದೆ ಒಂದು ಗಂಟೆಯ ಸಾಲು ಇರುತ್ತದೆ.

ಆ ಸಾಲುಗಳನ್ನು ನೋಡಿದವರಿಗೆ ಗೊತ್ತು, ಅವು ನೇರ ಇರುವುದಿಲ್ಲ. ಕಬ್ಬಿಣದ ಸರಳುಗಳ ನಡುವೆ ಹಾವಿನ ಹಾಗೆ ಮಡಿಚಿಕೊಂಡು ಹೋಗುತ್ತವೆ. ನಾಲ್ಕು ಹೆಜ್ಜೆ ನಡೆ, ನಿಲ್ಲು. ಬಾಗಿಲು ಎದುರಿಗೇ ಕಾಣುತ್ತದೆ, ಇನ್ನೇನು ಬಂತು ಅನ್ನುವಷ್ಟರಲ್ಲಿ ಸಾಲು ತಿರುಗಿ ಬಾಗಿಲು ಬೆನ್ನ ಹಿಂದೆ ಹೋಗುತ್ತದೆ. ನನಗೆ ಅದು ಬೇಸರ, ಅಷ್ಟೆ. ಪುಟ್ಟನಿಗೆ ಹೇಳಿದ ಮಾತು ಸುಳ್ಳಾದ ಹಾಗೆ. "ಮುಂದೆ ಬಾಗಿಲು" ಅಂದೆ, ಬಾಗಿಲು ಹೋಯಿತು. ಯಾಕೆ ನಡೆದೆವು, ಯಾಕೆ ನಿಂತೆವು, ಇದು ಮುಗಿಯುತ್ತದೋ ಇಲ್ಲವೋ ಒಂದೂ ತಿಳಿಯುವುದಿಲ್ಲ. ಮೊದಲು ಗುನುಗಲು ಶುರುಮಾಡುತ್ತಾನೆ. ಆಮೇಲೆ ಅಂಗೈಯನ್ನು ಕಿವಿಗೆ ಒತ್ತಿಕೊಳ್ಳುತ್ತಾನೆ. ಆಮೇಲೆ ಅಂಗಿಯ ತೋಳು ಕಚ್ಚುತ್ತಾನೆ. ತೋಳು ಒದ್ದೆಯಾಯಿತು ಅಂದರೆ ನನಗೆ ಉಳಿದಿರುವುದು ಐದು ನಿಮಿಷ.

ಒಂಬತ್ತು ವರ್ಷದವನಾಗಿದ್ದಾಗ ಒಮ್ಮೆ ಆ ಐದು ನಿಮಿಷ ನನ್ನ ಲೆಕ್ಕ ತಪ್ಪಿತು. ಸಾಲು ಒಂದು ಗುಹೆಯಂಥ ಜಾಗದಲ್ಲಿತ್ತು, ಮೇಲೆ ದೊಡ್ಡ ಫ್ಯಾನುಗಳ ಮೊರೆತ. ಅವನು ನೆಲಕ್ಕೆ ಕೂತು ಹಣೆಯನ್ನು ಸರಳಿಗೆ ಹೊಡೆದುಕೊಳ್ಳತೊಡಗಿದ. ನಾನು ಅವನ ಹಣೆಗೂ ಸರಳಿಗೂ ನಡುವೆ ನನ್ನ ಕೈ ಇಟ್ಟೆ. ಹೊರಗೆ ಹೋಗಬೇಕಾದರೆ ಬಂದ ದಾರಿಯಲ್ಲೇ, ನಮ್ಮ ಹಿಂದೆ ನಿಂತ ನೂರಾರು ಜನರನ್ನು ಸೀಳಿಕೊಂಡು ಹಿಂದಕ್ಕೆ ನಡೆಯಬೇಕು. ಅವನ ತೂಕ ಆಗಲೇ ನಾನು ಎತ್ತುವ ಮಿತಿ ದಾಟಿತ್ತು. ನಾನೂ ಇವರೂ ಅವನನ್ನು ಎತ್ತಿಕೊಂಡು "ದಯವಿಟ್ಟು, ದಯವಿಟ್ಟು" ಅಂತ ಹೇಳುತ್ತ ಹೊರಬಂದೆವು. ಒಬ್ಬಾಕೆ ಮಾತಿಲ್ಲದೆ ಹಗ್ಗ ಎತ್ತಿಹಿಡಿದರು. ಇನ್ನೊಬ್ಬರು ಫೋನ್ ಎತ್ತಿ ಹಿಡಿದಿದ್ದರು. ಮರುದಿನ ನೋಡಿದರೆ ನನ್ನ ಕೈ ಬೆರಳಿನ ಗೆಣ್ಣುಗಳು ನೀಲಿಗಟ್ಟಿದ್ದವು.

"ಅನುಕೂಲ" ಅಂದರಲ್ಲ, ಅದು ಶುರುವಾಗುವುದು ಇಲ್ಲಿಂದ.

ಸಾಲಿನಲ್ಲಿ ನಿಲ್ಲಲಾಗದವರಿಗೆ ಪಾರ್ಕಿನವರು ಕೊಡುವ ಈ ಪಾಸ್‌ಗಳ ಕತೆಯಲ್ಲಿ ಎಲ್ಲರೂ ನೆನಪಿಸಿಕೊಳ್ಳುವುದು 2013. ಅಲ್ಲಿಯವರೆಗೆ ಡಿಸ್ನಿ ಪಾರ್ಕುಗಳಲ್ಲಿ ಗೆಸ್ಟ್ ಅಸಿಸ್ಟೆನ್ಸ್ ಕಾರ್ಡ್ ಅಂತ ಒಂದು ಕಾರ್ಡ್ ಇತ್ತು. ಬಾಗಿಲ ಬಳಿಯ ಕಚೇರಿಗೆ ಹೋಗಿ ತೊಂದರೆ ಏನು ಅಂತ ಹೇಳಿದರೆ ಕೊಡುತ್ತಿದ್ದರು. ಕಾರ್ಡ್ ತೋರಿಸಿದವರನ್ನು ಬಹುಪಾಲು ರೈಡ್‌ಗಳಲ್ಲಿ ಬೇರೆ ದಾರಿಯಿಂದ, ಹೆಚ್ಚು ಕಾಯಿಸದೆ ಒಳಗೆ ಬಿಡುತ್ತಿದ್ದರು. ಆ ವರ್ಷ ಮೇ ತಿಂಗಳಲ್ಲಿ ನ್ಯೂಯಾರ್ಕ್ ಪೋಸ್ಟ್ ಪತ್ರಿಕೆಯಲ್ಲಿ ಒಂದು ವರದಿ ಬಂತು. ಮ್ಯಾನ್‌ಹಟನ್‌ನ ಕೆಲವು ಶ್ರೀಮಂತ ತಾಯಂದಿರು ಅಂಗವೈಕಲ್ಯ ಇರುವವರನ್ನು ಗೈಡ್ ಹೆಸರಿನಲ್ಲಿ ಬಾಡಿಗೆಗೆ ಗೊತ್ತುಮಾಡಿಕೊಂಡು, ಅವರನ್ನು ಮನೆಯವರು ಅಂತ ತೋರಿಸಿ ಸಾಲು ದಾಟುತ್ತಿದ್ದಾರೆ ಅಂತ. ಗಂಟೆಗೆ 130 ಡಾಲರ್, ಎಂಟು ಗಂಟೆಯ ದಿನಕ್ಕೆ 1,040 ಡಾಲರ್. ಆ ದರಪಟ್ಟಿಯನ್ನು ಓದಿದಾಗ ನನಗೆ ಸಿಟ್ಟಿಗಿಂತ ಮೊದಲು ಬಂದದ್ದು ಬೇರೊಂದು ಯೋಚನೆ: ಒಬ್ಬ ಮನುಷ್ಯನ ಕಷ್ಟಕ್ಕೆ ಗಂಟೆಯ ಲೆಕ್ಕದಲ್ಲಿ ಬೆಲೆ ಕಟ್ಟಿದವರೂ ಕೊಟ್ಟವರೂ ಆ ಮನುಷ್ಯನ ಉಳಿದ ಹದಿನಾರು ಗಂಟೆಯನ್ನು ಏನು ಅಂದುಕೊಂಡಿದ್ದರು?

ಅದೇ ವರ್ಷ ಅಕ್ಟೋಬರ್ 9ರಿಂದ ಹಳೆಯ ಕಾರ್ಡ್ ಹೋಗಿ ಡಿಸೆಬಿಲಿಟಿ ಆಕ್ಸೆಸ್ ಸರ್ವಿಸ್ ಬಂತು. ಇಲ್ಲಿ ಎಲ್ಲರೂ ಬಾಯಲ್ಲಿ ಹೇಳುವುದು ಡ್ಯಾಸ್ ಅಂತ. ಅದರ ಕೆಲಸ ಹೀಗೆ. ಪಾಸ್ ಇರುವವರ ಫೋಟೊ ತೆಗೆದುಕೊಳ್ಳುತ್ತಾರೆ. ಒಂದು ಸಲಕ್ಕೆ ಒಂದೇ ರೈಡ್ ಕೇಳಬಹುದು. ಆ ರೈಡ್‌ಗೆ ಆಗ ಎಷ್ಟು ಹೊತ್ತಿನ ಸಾಲಿದೆಯೋ ಅಷ್ಟೇ ಹೊತ್ತು, ಹತ್ತು ನಿಮಿಷ ಕಡಿಮೆ, ನೀವೂ ಕಾಯಬೇಕು. ಸಾಲಿನ ಹೊರಗೆ ಎಲ್ಲಾದರೂ ಕಾಯಿರಿ, ಹೇಳಿದ ಹೊತ್ತಿಗೆ ಬನ್ನಿ. ಸಾಲು 50 ನಿಮಿಷದ್ದಾದರೆ ನಿಮ್ಮ ಸಮಯ 40 ನಿಮಿಷದ ಮೇಲೆ.

ಆ ಬದಲಾವಣೆಯ ಹೊತ್ತಿನಲ್ಲಿ ಅನೇಕ ತಾಯ್ತಂದೆಯರಿಗೆ ನೋವಾಯಿತು. ಆದರೂ ಇದನ್ನು ಯೋಚಿಸಿದವರಿಗೆ ಏನೋ ಹೊಳೆದಿತ್ತು ಅಂತ ನನಗೆ ಈಗಲೂ ಅನಿಸುತ್ತದೆ. ಅವರು ಬಾಗಿಲಲ್ಲಿ ಕಾವಲು ಹೆಚ್ಚಿಸಲಿಲ್ಲ, ಸುಳ್ಳು ಹೇಳಿದರೆ ಸಿಗುವ ಲಾಭವನ್ನು ಕಡಿಮೆ ಮಾಡಿದರು. ಪುಟ್ಟನಿಗೆ ಕಷ್ಟ ಇರುವುದು ಹೊತ್ತಿನಲ್ಲಲ್ಲ, ಆ ಸರಳುಗಳ ನಡುವಿನ ಇಕ್ಕಟ್ಟಿನಲ್ಲಿ. 40 ನಿಮಿಷವನ್ನು ಮರದ ಕೆಳಗೆ ಬೆಂಚಿನ ಮೇಲೆ ಕಳೆಯಲು ಬಿಟ್ಟರೆ ಅವನಿಗೆ ಬೇಕಾದದ್ದು ಸಿಕ್ಕಿತು. ಅಷ್ಟೇ ಹೊತ್ತು ಕಾಯಬೇಕು ಅಂದಮೇಲೆ ಸುಳ್ಳು ಹೇಳುವವರಿಗೆ ದಕ್ಕುವುದು ಸ್ವಲ್ಪವೇ. ಪೂರ್ತಿ ಇಲ್ಲ ಅನ್ನಲಾರೆ. ಕಾಯುವ ಹೊತ್ತಿನಲ್ಲಿ ಊಟ ಮುಗಿಸಬಹುದು, ಇನ್ನೊಂದು ಸಣ್ಣ ಸಾಲಿನಲ್ಲಿ ನಿಂತು ಬರಬಹುದು. ಆ ಸಣ್ಣ ಸಂದಿನಿಂದಲೇ ಮುಂದಿನದೆಲ್ಲ ಒಳಗೆ ಬಂತು.

ಎಲ್ಲ ಮಕ್ಕಳಿಗೂ ಪುಟ್ಟನ ಬೆಂಚು ಸಾಕಾಗುವುದಿಲ್ಲ, ಇದನ್ನೂ ಹೇಳಬೇಕು. ಕೆಲವರು ಪಾರ್ಕಿನಲ್ಲಿ ತಮ್ಮದೇ ಒಂದು ಕ್ರಮದಲ್ಲಿ ನಡೆಯಬೇಕು. ಮೊದಲು ಇದು, ಆಮೇಲೆ ಅದು, ನಡುವೆ ಬಿಡುವಿಲ್ಲ. ಅಂಥವರ ಮನೆಯವರು 2014ರಿಂದ ನ್ಯಾಯಾಲಯಕ್ಕೆ ಹೋದರು. 2018ರಲ್ಲಿ ಮೇಲ್ಮನವಿ ನ್ಯಾಯಾಲಯ ಈ ಮಕ್ಕಳ ವಾದವನ್ನು ವಿಚಾರಣೆ ನಡೆಸಿಯೇ ತೀರ್ಮಾನಿಸಬೇಕು ಅಂದಿತು. 2020ರಲ್ಲಿ ಒರ್ಲ್ಯಾಂಡೊದ ನ್ಯಾಯಾಧೀಶರು ಡಿಸ್ನಿಯ ಪರವಾಗಿ ತೀರ್ಪು ಕೊಟ್ಟರು. ಕೇಳಿದ ಹಾಗೆ ಕಾಯದೆ ಹೋಗುವ ಅವಕಾಶ ಕೊಟ್ಟರೆ ಟಾಯ್ ಸ್ಟೋರಿ ಮೇನಿಯಾ ಎಂಬ ಒಂದೇ ರೈಡ್‌ನಲ್ಲಿ ಉಳಿದವರು ಕಾಯುವ ಹೊತ್ತು 39 ನಿಮಿಷದಿಂದ 108 ನಿಮಿಷಕ್ಕೆ ಏರುತ್ತದೆ ಎಂಬ ಲೆಕ್ಕ ಆ ಮೊಕದ್ದಮೆಯಲ್ಲಿ ಬಂತು. ಇನ್ನೊಂದು ಲೆಕ್ಕವೂ ಇತ್ತು. ಹಳೆಯ ಕಾರ್ಡಿನ ಕಾಲದಲ್ಲಿ ಕಾರ್ಡ್ ಇದ್ದವರು ಪಾರ್ಕಿಗೆ ಬಂದವರಲ್ಲಿ ಶೇಕಡಾ 3.3 ಮಾತ್ರ, ಆದರೆ ಅದೇ ರೈಡ್ ಹತ್ತಿದವರಲ್ಲಿ ಶೇಕಡಾ 30ರಷ್ಟು ಅವರೇ ಇದ್ದರಂತೆ.

ಈ ಎರಡನೆಯ ಲೆಕ್ಕವನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಮೋಸ ಎಷ್ಟಿತ್ತು ನೋಡಿ ಅಂತ ಜನ ಇದನ್ನೇ ತೋರಿಸುತ್ತಾರೆ. ಆದರೆ ನನ್ನ ಮಗನೂ ಹಾಗೇ. ಒಂದು ರೈಡ್ ಇಷ್ಟವಾದರೆ ದಿನವಿಡೀ ಅದೊಂದೇ. ಇಳಿದ ತಕ್ಷಣ ಮತ್ತೆ ಅದೇ ಬಾಗಿಲು. ಒಂಬತ್ತು ಸಲ, ಹತ್ತು ಸಲ. ಆ ಶೇಕಡಾ 30ರಲ್ಲಿ ಸುಳ್ಳು ಹೇಳಿ ಬಂದವರೆಷ್ಟು, ಒಂದೇ ರೈಡ್ ಹತ್ತು ಸಲ ಹತ್ತುವ ಮಕ್ಕಳೆಷ್ಟು ಅಂತ ಆ ಅಂಕಿ ಬಿಡಿಸಿ ಹೇಳುವುದಿಲ್ಲ. ಮೋಸಗಾರರ ಗುರುತೂ ಆಟಿಸಂನ ಗುರುತೂ ಒಂದೇ ಅಂಕಿಯೊಳಗೆ ಸೇರಿಹೋಗಿದೆ. ಅದಕ್ಕೇ ನನಗೆ ಭಯ.

2021ರ ಅಕ್ಟೋಬರ್‌ನಲ್ಲಿ ಆದದ್ದನ್ನು ಈ ಚರ್ಚೆಯಲ್ಲಿ ಯಾಕೋ ಹೆಚ್ಚು ಜನ ಎತ್ತುವುದಿಲ್ಲ. 1999ರಿಂದ ಡಿಸ್ನಿಯಲ್ಲಿ ಫಾಸ್ಟ್‌ಪಾಸ್ ಇತ್ತು. ಟಿಕೆಟ್ ಕೊಂಡ ಯಾರಾದರೂ ದಿನಕ್ಕೆ ಒಂದಷ್ಟು ರೈಡ್‌ಗಳಿಗೆ ಬೇಗ ಹೋಗುವ ಸಮಯವನ್ನು ಉಚಿತವಾಗಿ ಹಿಡಿಯಬಹುದಿತ್ತು. ಕೊರೊನಾ ಕಾಲದಲ್ಲಿ ಅದು ನಿಂತಿತು. ಪಾರ್ಕು ಮತ್ತೆ ತೆರೆದ ಮೇಲೆ ಅದು ಮರಳಿ ಬರಲಿಲ್ಲ. ಅದರ ಜಾಗದಲ್ಲಿ ದುಡ್ಡು ಕೊಟ್ಟು ಕೊಳ್ಳುವ ಜೀನಿ ಪ್ಲಸ್ ಬಂತು. ಫ್ಲೋರಿಡಾದಲ್ಲಿ ಮೊದಲ ದರ ಒಬ್ಬರಿಗೆ ದಿನಕ್ಕೆ 15 ಡಾಲರ್. 2024ರ ಕೊನೆಯ ಹೊತ್ತಿಗೆ ಪ್ರೀಮಿಯರ್ ಪಾಸ್ ಅಂತ ಇನ್ನೊಂದು ಬಂದು, ಜನ ತುಂಬಿದ ದಿನಗಳಲ್ಲಿ ಅದರ ಬೆಲೆ ಒಬ್ಬರಿಗೆ ಒಂದು ದಿನಕ್ಕೆ, ಒಂದು ಪಾರ್ಕಿಗೆ 449 ಡಾಲರ್‌ವರೆಗೂ ಹೋಯಿತು. ಆ ಬೇಗ ಹೋಗುವ ದಾರಿಯೂ ಪುಟ್ಟನಂಥವರು ಹೋಗುವ ದಾರಿಯೂ ಒಂದೇ. ಅದೇ ಬಾಗಿಲು, ಅದೇ ಸಾಲು.

ಇದರಿಂದ ಏನಾಯಿತು ಅಂದರೆ, ಅಲ್ಲಿಯವರೆಗೆ ಸುಳ್ಳು ಹೇಳಿದರೆ ಉಳಿಯುತ್ತಿದ್ದದ್ದು ಹೊತ್ತು. ಈಗ ಉಳಿಯತೊಡಗಿದ್ದು ದುಡ್ಡು. ನಾಲ್ಕು ಜನರ ಕುಟುಂಬ ಮೂರು ದಿನ ಇದ್ದರೆ ಮೊದಲ ದರದಲ್ಲೇ 180 ಡಾಲರ್. ಜೊತೆಗೆ ಆ ಹೊತ್ತಿಗೆ ಪಾಸ್‌ಗೆ ಮನೆಯಿಂದಲೇ ವಿಡಿಯೊ ಕರೆಯಲ್ಲಿ ಅರ್ಜಿ ಹಾಕುವ ವ್ಯವಸ್ಥೆಯೂ ಆಗಿತ್ತು. ಏನು ಹೇಳಿದರೆ ಪಾಸ್ ಸಿಗುತ್ತದೆ ಅಂತ ಹೇಳಿಕೊಡುವ ವಿಡಿಯೊಗಳು ಫೋನಿನಿಂದ ಫೋನಿಗೆ ಓಡಾಡಿದವು. ಯುಗಾದಿಯ ದಿನ ನಾನು ಕೇಳಿದ ವಾಕ್ಯ ಅವರ ಸ್ವಂತದ್ದಲ್ಲ, ಎಲ್ಲೋ ಕೇಳಿ ಕಲಿತದ್ದು ಅಂತ ಆಗಲೇ ಅನಿಸಿತ್ತು. ಅವರು ಮಾಡಿದ್ದು ತಪ್ಪೇ. ಆದರೆ ಸಾಲು ದಾಟುವುದನ್ನು ಮೊದಲು ಮಾರಾಟಕ್ಕಿಟ್ಟವರು ಅವರಲ್ಲ.

ಐದು ವರ್ಷದಲ್ಲಿ ಡ್ಯಾಸ್ ಬಳಸುವವರು ಮೂರು ಪಟ್ಟು ಆಗಿದ್ದಾರೆ ಅಂತ ಹೇಳಿ 2024ರ ಏಪ್ರಿಲ್‌ನಲ್ಲಿ ಡಿಸ್ನಿ ಹೊಸ ನಿಯಮ ತಂದಿತು. ಫ್ಲೋರಿಡಾದಲ್ಲಿ ಮೇ 20ರಿಂದ, ಕ್ಯಾಲಿಫೋರ್ನಿಯಾದಲ್ಲಿ ಜೂನ್ 18ರಿಂದ ಜಾರಿ. ಇನ್ನು ಮುಂದೆ ಪಾಸ್ ಇರುವುದು ಆಟಿಸಂ ಅಥವಾ ಅಂಥದೇ ಬೆಳವಣಿಗೆಯ ತೊಂದರೆಯಿಂದಾಗಿ ಹೆಚ್ಚು ಹೊತ್ತು ಸಾಲಿನಲ್ಲಿ ನಿಲ್ಲಲಾಗದವರಿಗೆ ಮಾತ್ರ. ಪಾಸ್ ಇರುವವರನ್ನೂ ಸೇರಿಸಿ ಜೊತೆಗೆ ನಾಲ್ಕು ಜನ, ಇಲ್ಲವೇ ಮನೆಯ ಹತ್ತಿರದವರು. ಅರ್ಜಿಯ ಮಾತುಕತೆಗೆ ಹೊರಗಿನ ಸಂಸ್ಥೆಯೊಂದರ ಆರೋಗ್ಯ ವೃತ್ತಿಪರರೂ ಸೇರಬಹುದು. ಸುಳ್ಳು ಹೇಳಿದ್ದು ಗೊತ್ತಾದರೆ ಪಾರ್ಕಿಗೆ ಇನ್ನೆಂದೂ ಪ್ರವೇಶವಿಲ್ಲ, ಟಿಕೆಟ್ ದುಡ್ಡೂ ವಾಪಸ್ ಇಲ್ಲ.

ಈ ಕೊನೆಯ ನಿಯಮಕ್ಕೆ ನನ್ನ ಪೂರ್ತಿ ಒಪ್ಪಿಗೆ ಇದೆ. ಹೊರಗಿಟ್ಟವರ ವಿಷಯದಲ್ಲಿ ಇಲ್ಲ. ಪದೇ ಪದೇ ಶೌಚಕ್ಕೆ ಓಡಿಸುವ ಕ್ರೋನ್ಸ್ ಎಂಬ ಕರುಳಿನ ಕಾಯಿಲೆ ಇರುವವರು, ಕೀಮೋ ತೆಗೆದುಕೊಳ್ಳುತ್ತಿರುವವರು, ಎದ್ದು ನಿಂತರೆ ತಲೆಸುತ್ತಿ ಬೀಳುವವರು, ಮಲ್ಟಿಪಲ್ ಸ್ಕ್ಲೆರೋಸಿಸ್‌ನಿಂದ ಬಿಸಿಲಲ್ಲಿ ಕಾಲು ಸೋಲುವವರು. ಇಂಥ ಅನೇಕರಿಗೆ ಅದುವರೆಗೆ ಸಿಗುತ್ತಿದ್ದ ಪಾಸ್ ನಿಂತಿತು. ಬೇಕಾದರೆ ಸಾಲು ಬಿಟ್ಟು ಹೋಗಿ ಮತ್ತೆ ಬಂದು ಸೇರಿಕೊಳ್ಳಿ ಎಂಬಂಥ ಬೇರೆ ವ್ಯವಸ್ಥೆಗಳನ್ನು ಅವರ ಮುಂದಿಟ್ಟರು. ನಮ್ಮ ಬೀದಿಯಲ್ಲೇ ಕ್ರೋನ್ಸ್ ಇರುವ ಹುಡುಗಿಯೊಬ್ಬಳಿದ್ದಾಳೆ, ಕಾಲೇಜು ಓದುತ್ತಾಳೆ. "ಆಂಟಿ, ಪ್ರತಿ ಸಲ ನೂರು ಜನರನ್ನು ದಾಟಿ ಹೊರಗೆ ಓಡಿ, ಮತ್ತೆ ಅದೇ ನೂರು ಜನರನ್ನು ದಾಟಿ ಒಳಗೆ ಬರಬೇಕು. ಎಲ್ಲರಿಗೂ ನಾನು ಎಲ್ಲಿಗೆ ಹೋಗಿದ್ದೆ ಅಂತ ಗೊತ್ತಿರತ್ತೆ" ಅಂದಳು. ಅವಳು ಪಾರ್ಕಿಗೆ ಹೋಗುವುದನ್ನೇ ಬಿಟ್ಟಿದ್ದಾಳೆ. 2025ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಈ ನಿಯಮ ದೈಹಿಕ ತೊಂದರೆ ಇರುವವರಿಗೆ ಅನ್ಯಾಯ ಮಾಡುತ್ತದೆ ಅಂತ ಮೊಕದ್ದಮೆ ಹೂಡಲಾಯಿತು.

ನಮ್ಮ ಮನೆ ಈ ಗೆರೆಯ ಒಳಗೆ ಉಳಿಯಿತು. ಒಳಗೆ ಉಳಿದದ್ದಕ್ಕೆ ಸಮಾಧಾನ ಆಗಲಿಲ್ಲ.

ನಾವು ಪಾಸ್ ಮಾಡಿಸಿದ ಪಾರ್ಕು ಯಾವುದು ಅಂತ ಇಲ್ಲಿ ಬೇಡ. ವಿಡಿಯೊ ಕರೆಯಲ್ಲಿದ್ದಾಕೆ ಮೃದುವಾಗಿ ಮಾತಾಡುವವರು, ಅವರ ಬಗ್ಗೆ ನನಗೆ ದೂರಿಲ್ಲ. ಪಾಸ್ ಯಾರಿಗೋ ಅವರು ಕರೆಯಲ್ಲಿ ಇರಬೇಕು ಅಂತ ನಿಯಮ. ಪುಟ್ಟ ನನ್ನ ಪಕ್ಕ ಕೂತಿದ್ದ. "ಸಾಲಿನಲ್ಲಿ ನಿಂತರೆ ಇವನಿಗೆ ಏನಾಗುತ್ತದೆ, ವಿವರವಾಗಿ ಹೇಳಿ" ಅಂದರು. ನಾನು ಹೇಳತೊಡಗಿದೆ. ತೋಳು ಕಚ್ಚುವುದು, ನೆಲಕ್ಕೆ ಕೂರುವುದು, ಹಣೆ. ಅವನು ಮಾತು ಕಡಿಮೆ, ಆದರೆ ಕೇಳಿಸಿಕೊಳ್ಳುವುದು ಕಡಿಮೆ ಇಲ್ಲ. ನಾನು ಹಣೆಯ ವಿಷಯಕ್ಕೆ ಬಂದಾಗ ತನ್ನ ಕೈಯನ್ನು ಹಣೆಯ ಮೇಲೆ ಇಟ್ಟುಕೊಂಡ. ಆಕೆ "ಇನ್ನೂ ಏನಾದರೂ?" ಅಂತ ಕೇಳಿದರು. ಇನ್ನೂ ಇತ್ತು, ಹೇಳಿದೆ. ಪಾಸ್ ಸಿಗದಿದ್ದರೆ ಅನ್ನುವ ಭಯದಲ್ಲಿ ಅವನ ಅತಿ ಕೆಟ್ಟ ದಿನಗಳನ್ನೆಲ್ಲ ಹೆಕ್ಕಿ ಹೆಕ್ಕಿ ಅವನ ಎದುರಿಗೇ ಜೋಡಿಸಿದೆ. ಅವನು ಮೊದಲ ಸಲ "ಅಮ್ಮ, ಮಳೆ" ಅಂತ ಎರಡು ಪದ ಸೇರಿಸಿ ಹೇಳಿದ ದಿನದ ಬಗ್ಗೆ ಅಲ್ಲಿ ಯಾರೂ ಕೇಳುವುದಿಲ್ಲ. ಕರೆ ಹತ್ತು ಹನ್ನೆರಡು ನಿಮಿಷ ಇದ್ದಿರಬೇಕು. ಮುಗಿದ ಮೇಲೆ ಅವನು ಎದ್ದು ಹೋಗಿ ತನ್ನ ಕೋಣೆಯ ಬಾಗಿಲು ಹಾಕಿಕೊಂಡ.

ಕೂಟದ ಆ ಪರಿಚಿತರ ನೆನಪಾದದ್ದು ಆಗ. ಅವರು ಹೇಳಿದ ಒಂದು ವಾಕ್ಯದ ಸುಳ್ಳಿಗೆ ನಾನು ಹತ್ತು ನಿಮಿಷದ ನಿಜ ತೆರಬೇಕಾಯಿತು. ಮುಂದಿನ ವರ್ಷ ಅದು ಹದಿನೈದು ನಿಮಿಷ ಆಗಬಹುದು.

ಹಾಗಾದರೆ ಡಾಕ್ಟರ ಚೀಟಿ ಕೇಳಿ, ಮುಗಿಯಿತಲ್ಲ ಅಂತ ಊರಲ್ಲಿ ನಮ್ಮಣ್ಣ ಅಂದ. ಸಹಜವಾದ ಪ್ರಶ್ನೆ. ಯೂನಿವರ್ಸಲ್, ಸಿಕ್ಸ್ ಫ್ಲ್ಯಾಗ್ಸ್ ಪಾರ್ಕುಗಳು ಹೆಚ್ಚುಕಮ್ಮಿ ಅದೇ ದಾರಿ ಹಿಡಿದಿವೆ: ಮೊದಲೇ ಒಂದು ಸಂಸ್ಥೆಯ ಜಾಲತಾಣದಲ್ಲಿ ಕಾಗದಪತ್ರ ಕೊಟ್ಟು ಒಂದು ವರ್ಷದ ಗುರುತಿನ ಕಾರ್ಡ್ ಮಾಡಿಸಿಕೊಂಡು ಬರಬೇಕು. ಅದರಿಂದ ಒಂದು ಲಾಭ ಇದೆ, ಮಗುವಿನ ಎದುರು ಕತೆ ಹೇಳುವುದು ತಪ್ಪುತ್ತದೆ. ಕಾಗದ ಮಾತಾಡುತ್ತದೆ. ಆದರೆ ಅಮೆರಿಕದಲ್ಲಿ 1990ರ ಅಂಗವಿಕಲರ ಕಾಯಿದೆಯ ಮನೋಧರ್ಮವೇ ಬೇರೆ. ವೀಲ್‌ಚೇರಿನಲ್ಲಿ ಬಂದವರನ್ನು ನಿಮಗೆ ಏನು ಕಾಯಿಲೆ ಅಂತ ಅಂಗಡಿಯವರು ಕೇಳುವ ಹಾಗಿಲ್ಲ. ಸಹಾಯದ ನಾಯಿ ಜೊತೆಗಿದ್ದರೆ ಎರಡೇ ಪ್ರಶ್ನೆ: ಅಂಗವೈಕಲ್ಯದ ಕಾರಣಕ್ಕೆ ಈ ನಾಯಿ ಬೇಕೇ, ಇದು ಏನು ಕೆಲಸ ಕಲಿತಿದೆ. ಕಾಗದ ತೋರಿಸಿ ಅನ್ನುವಂತಿಲ್ಲ. ಹೆಜ್ಜೆ ಹೆಜ್ಜೆಗೂ ತನ್ನ ದೇಹದ ಲೆಕ್ಕ ಒಪ್ಪಿಸುತ್ತ ಬದುಕಬಾರದು ಅನ್ನುವುದು ಅದರ ಹಿಂದಿನ ಕಾಳಜಿ. ಮೇಲಾಗಿ ಇಲ್ಲಿ ಒಂದು ಚೀಟಿ ಬರೆಸುವುದಕ್ಕೂ ವಿಮೆ ಬೇಕು, ದುಡ್ಡು ಬೇಕು, ತಿಂಗಳುಗಟ್ಟಲೆ ಕಾಯಬೇಕು.

ನಮ್ಮ ಭಾರತದಲ್ಲಿ ಇದಕ್ಕೆ ತಿರುಗುಮುರುಗು. 2016ರ ಕಾಯಿದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ, ಆಟಿಸಂ ಕೂಡ ಅದರಲ್ಲಿದೆ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿಸಿ, ಶೇಕಡಾವಾರು ಬರೆಸಿ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಪಡೆಯಬೇಕು. ಅಷ್ಟಿದ್ದೂ ಸೀಟಿಗೆ, ನೌಕರಿಗೆ ಸುಳ್ಳು ಅಂಗವೈಕಲ್ಯ ಪ್ರಮಾಣಪತ್ರ ಕೊಟ್ಟ ಪ್ರಕರಣಗಳ ಸುದ್ದಿಯನ್ನು ನಾವು ಪೇಪರಿನಲ್ಲಿ ಓದುತ್ತಲೇ ಇದ್ದೇವೆ. ಮೋಸ ಮಾಡಲು ಹೊರಟವನಿಗೆ ಕಾಗದ ಒಂದು ಖರ್ಚು ಅಷ್ಟೆ. ಮಗುವನ್ನು ಹೆಗಲ ಮೇಲೆ ಹೊತ್ತು ತಾಲ್ಲೂಕಿನಿಂದ ಜಿಲ್ಲಾಸ್ಪತ್ರೆಗೆ ಮೂರು ಸಲ ಬಸ್ಸು ಹತ್ತುವ ತಾಯಿಗೆ ಅದು ಮೂರು ದಿನದ ಕೂಲಿ.

ಇಷ್ಟೆಲ್ಲ ಬರೆದಮೇಲೆ ನನ್ನ ಮನೆಯದನ್ನು ಬರೆಯದೆ ಬಿಟ್ಟರೆ ಸರಿಯಾಗದು.

2022ರಲ್ಲಿ ಅತ್ತೆ ಮೊದಲ ಸಲ ಒಬ್ಬರೇ ಇಲ್ಲಿಗೆ ಬಂದರು. ಹಾಸನದಲ್ಲಿ ದಿನಾ ಬೆಳಗ್ಗೆ ಮಹಾರಾಜ ಪಾರ್ಕಿನಲ್ಲಿ ನಾಲ್ಕು ಸುತ್ತು ಬೀಸುಗಾಲಿನಲ್ಲಿ ನಡೆಯುವವರು. ಆದರೆ ಇಂಗ್ಲಿಷ್ ಬರುವುದಿಲ್ಲ, ನಡುವೆ ಒಂದು ಕಡೆ ಇಳಿದು ವಿಮಾನ ಬದಲಿಸಬೇಕು, ಗೇಟು ಎಲ್ಲೋ ಏನೋ. ಗೊತ್ತಿದ್ದವರೆಲ್ಲ ಒಂದೇ ಮಾತು ಹೇಳಿದರು, "ವೀಲ್‌ಚೇರ್ ಹಾಕಿಸಿಬಿಡಿ, ಕೈ ಹಿಡಿದು ಕರ್ಕೊಂಡು ಹೋಗ್ತಾರೆ." ಟಿಕೆಟ್ ಮಾಡುವಾಗ ಆ ಚೌಕದಲ್ಲಿ ಗುರುತು ಹಾಕಿದ್ದು ನಾನೇ. ಭಾರತದಿಂದ ಬರುವ ವಿಮಾನದ ಬಾಗಿಲಲ್ಲಿ ಸಾಲಾಗಿ ನಿಂತಿರುವ ವೀಲ್‌ಚೇರುಗಳನ್ನು ನೋಡಿದವರಿಗೆ ಹೀಗೆ ಗುರುತು ಹಾಕಿದ ಮಕ್ಕಳು ಎಷ್ಟು ಜನ ಅಂತ ಗೊತ್ತು. ಇದು ನಮ್ಮವರದು ಮಾತ್ರವೂ ಅಲ್ಲ. ಅಮೆರಿಕದ ಫ್ರಾಂಟಿಯರ್ ವಿಮಾನ ಸಂಸ್ಥೆಯ ಆಗಿನ ಮುಖ್ಯಸ್ಥರು 2024ರಲ್ಲಿ ಹೇಳಿದ್ದರು, ತಾವು ಕಂಡ ಒಂದು ವಿಮಾನಕ್ಕೆ 20 ಜನ ವೀಲ್‌ಚೇರಿನಲ್ಲಿ ಬಂದು ಹತ್ತಿದರು, ಇಳಿಯುವಾಗ ಅದು ಬೇಕಾದದ್ದು ಮೂವರಿಗೆ ಮಾತ್ರ ಅಂತ.

ಅತ್ತೆ ಬಂದ ರಾತ್ರಿ ಊಟಕ್ಕೆ ಕೂತಾಗ ಹೇಳಿದರು. "ನನ್ನ ಎದುರಿಗೆ ಒಬ್ಬರು ಕೂತಿದ್ರು ಕಣೆ, ಕಾಲು ಬೆಳ್ಳಗೆ ಊದಿಕೊಂಡಿತ್ತು, ಚಪ್ಪಲಿ ಕೂಡ ಹಿಡಿಸ್ತಿರಲಿಲ್ಲ. ನನ್ನನ್ನ ಮೊದಲು ತಳ್ಳಿಕೊಂಡು ಹೊರಟ್ರು. ಅವರಿಗೆ ಕುರ್ಚಿ ಬಂದೇ ಇರಲಿಲ್ಲ. ಎದ್ದು ಕೊಡೋಣ ಅನ್ನಿಸ್ತು. ಎದ್ರೆ ನಾನು ನಡೀತೀನಿ ಅಂತ ಗೊತ್ತಾಗತ್ತಲ್ಲ, ಸುಮ್ನೆ ಕೂತೆ. ಹೋಗೋವರೆಗೂ ತಿರುಗಿ ನೋಡಲಿಲ್ಲ ನಾನು."

ಅತ್ತೆಗೆ ಬೇಕಾಗಿದ್ದದ್ದು ನಿಜವೇ. ಗುರುತಿಲ್ಲದ ಊರಿನ ಗುರುತಿಲ್ಲದ ಭಾಷೆಯ ನಡುವೆ ಜೊತೆಗೊಬ್ಬರು ನಡೆಯಬೇಕಿತ್ತು. ಆ ಅಗತ್ಯಕ್ಕೆ ಅಲ್ಲಿ ಬೇರೆ ಚೌಕ ಇರಲಿಲ್ಲ. ಇದ್ದದ್ದು ಕಾಲಿಲ್ಲದವರ ಚೌಕ, ಅದರಲ್ಲಿ ನಾನು ಗುರುತು ಹಾಕಿದೆ. ಇದನ್ನು ಮಾಡಿದವಳು ಯುಗಾದಿಯ ದಿನ ಅವರ ಮೇಲೆ ಅಷ್ಟು ಸಿಟ್ಟುಗೊಂಡೆ. ಸಿಟ್ಟು ತಪ್ಪು ಅನ್ನುವುದಿಲ್ಲ. ಅವರಿಗೆ ಅಗತ್ಯವೇ ಇರಲಿಲ್ಲ, ಅತ್ತೆಗೆ ಇತ್ತು. ಆದರೆ ಕಾಲು ಊದಿದ ಆ ಹೆಂಗಸಿಗೆ ಈ ವ್ಯತ್ಯಾಸದಿಂದ ಆದ ಉಪಕಾರ ಏನು?

ಪಾರ್ಕುಗಳ ವಿಷಯದಲ್ಲೂ ನಾನು ಈಗ ಈ ಕಡೆಯಿಂದಲೇ ಯೋಚಿಸುತ್ತೇನೆ. ಪಾಸ್ ಕೇಳಿ ಬಂದವರಲ್ಲಿ ಎಷ್ಟೋ ಜನಕ್ಕೆ ಪಾಸ್ ಬೇಡ, ಬೇರೇನೋ ಬೇಕು. ಎಂಟು ತಿಂಗಳ ಬಸುರಿಗೆ ಕೂರಲು ಜಾಗ ಬೇಕು. ಮೊಣಕಾಲು ನೋವಿನ ಅಜ್ಜನಿಗೆ ಸಾಲಿನ ನಡುವೆ ಒಂದು ಬೆಂಚು, ಸಕ್ಕರೆ ಕಾಯಿಲೆಯವರಿಗೆ ನೆರಳು ಮತ್ತು ಸಾಲಿನೊಳಗೇ ಒಂದು ಶೌಚಾಲಯ. 90 ನಿಮಿಷ ಜನರನ್ನು ನಿಲ್ಲಿಸುವ ಜಾಗದಲ್ಲಿ ಇಷ್ಟೂ ಇಲ್ಲದಿದ್ದಾಗ ಅವರೆಲ್ಲ ಒಂದೇ ಕಿಟಕಿಗೆ ಬಂದು ನಿಲ್ಲುತ್ತಾರೆ, ಕಿಟಕಿಯವರು ಅವರನ್ನೆಲ್ಲ ಅನುಮಾನದಿಂದ ನೋಡತೊಡಗುತ್ತಾರೆ. ಎಲ್ಲರಿಗೂ ಸಾಲಿನ ಹೊರಗೆ ಕಾಯುವ ಅವಕಾಶ ಕೊಡುವುದೂ ಅಸಾಧ್ಯವೇನಲ್ಲ. 2017ರಲ್ಲಿ ಶುರುವಾದಾಗ ಯೂನಿವರ್ಸಲ್‌ನ ವೋಲ್ಕೇನೊ ಬೇ ನೀರಿನ ಪಾರ್ಕಿನಲ್ಲಿ ಬಂದವರಿಗೆಲ್ಲ ಟಪುಟಪು ಅಂತ ಒಂದು ಕೈಪಟ್ಟಿ ಕೊಡುತ್ತಿದ್ದರು. ಜಾರುಬಂಡೆಯ ಬಳಿ ಅದನ್ನು ಮುಟ್ಟಿಸಿದರೆ ಸಮಯ ಬರುತ್ತಿತ್ತು, ಅಲ್ಲಿಯವರೆಗೆ ಎಲ್ಲಿ ಬೇಕಾದರೂ ಇರಬಹುದಿತ್ತು. ಎಲ್ಲರ ಕೈಯಲ್ಲೂ ಅದೇ ಪಟ್ಟಿ ಇದ್ದಾಗ ಸಮಯ ಹಿಡಿಯುವುದಕ್ಕೆ ಯಾರೂ ಸುಳ್ಳು ಹೇಳಬೇಕಾಗಿಲ್ಲ. ಅಲ್ಲೂ ತೊಡಕಿತ್ತು. ಸಾಲಿನಲ್ಲಿ ನಿಲ್ಲದ ಜನ ದಾರಿಯಲ್ಲಿ, ಅಂಗಡಿಗಳಲ್ಲಿ ತುಂಬಿಕೊಳ್ಳುತ್ತಿದ್ದರು, ಕಾಯುವ ಹೊತ್ತು ಗಂಟೆಗಟ್ಟಲೆ ತೋರಿಸುತ್ತಿತ್ತು, ಬೇಗ ಹೋಗುವ ಪಾಸನ್ನು ಅಲ್ಲೂ ಮಾರುತ್ತಿದ್ದರು. ಆದರೂ ಅಂಥ ಕಡೆ ಪುಟ್ಟನ ಹಣೆಯ ಕತೆಯನ್ನು ಯಾರಿಗೂ ಹೇಳದೆ ಒಂದು ದಿನ ಕಳೆಯಬಹುದು ಅಂತ ನನಗೆ ಆಸೆ.

ಅತ್ತೆ ಈ ಸಲ ಮತ್ತೆ ಬಂದಿದ್ದಾರೆ. ಟಿಕೆಟ್ ಮಾಡುವಾಗ ಆ ಚೌಕ ಖಾಲಿ ಬಿಟ್ಟೆ. ನಮ್ಮವರೊಬ್ಬರ ಗೆಳೆಯರ ಕುಟುಂಬ ಅದೇ ವಿಮಾನದಲ್ಲಿ ಬರುವುದನ್ನು ಹುಡುಕಿ, ತಾರೀಖು ಅವರಿಗೆ ಹೊಂದಿಸಿ, ಅವರ ಜೊತೆ ನಡೆಸಿಕೊಂಡು ಬಂದದ್ದಾಯಿತು. ಬರುವಾಗ ಅಳಗುಳಿಮಣೆ ಆಡಲು ಒಂದು ಬಟ್ಟೆಯ ಚೀಲದ ತುಂಬ ಕವಡೆ ತಂದಿದ್ದರು. ಮಣೆ ಭಾರ ಅಂತ ಊರಲ್ಲೇ ಬಿಟ್ಟಿದ್ದಾರೆ.

ಹೋದ ತಿಂಗಳು ನಾಲ್ವರೂ ಪಾರ್ಕಿಗೆ ಹೋದೆವು. ಅವನ ಇಷ್ಟದ ರೈಡ್‌ಗೆ 40 ನಿಮಿಷದ ಮೇಲೆ ಸಮಯ ಸಿಕ್ಕಿತು. ಓಕ್ ಮರದ ಕೆಳಗೆ ಬೆಂಚು ಹಿಡಿದೆವು. ಐದು ನಿಮಿಷಕ್ಕೇ ಗುನುಗಲು ಶುರುಮಾಡಿದ. ಅತ್ತೆ ಚೀಲ ಬಿಚ್ಚಿ 35 ಕವಡೆ ಎಣಿಸಿ ಬೆಂಚಿನ ಮೇಲೆ ಸಾಲಾಗಿ ಇಟ್ಟರು. ನನ್ನ ಗಡಿಯಾರ ಬಿಚ್ಚಿಸಿಕೊಂಡು ಅವನ ಮುಂದೆ ಹಿಡಿದು, ಮುಳ್ಳು ಒಂದು ಸುತ್ತು ಬಂದ ತಕ್ಷಣ ಒಂದು ಕವಡೆ ತೆಗೆದು ಖಾಲಿ ಚೀಲಕ್ಕೆ ಹಾಕಿದರು. ಎರಡನೆಯದನ್ನೂ ಅವರೇ ಹಾಕಿದರು. ಮೂರನೆಯ ಸುತ್ತಿಗೆ ಅವನ ಕೈ ಮುಂದೆ ಬಂತು.

ಆಮೇಲೆ ನಾವು ಯಾರೂ ಮಾತಾಡಲಿಲ್ಲ. ದಾರಿಯಲ್ಲಿ ಜನ ಹೋಗುತ್ತಿದ್ದರು, ಬರುತ್ತಿದ್ದರು. ಗುನುಗು ಯಾವಾಗ ನಿಂತಿತೋ ನನಗೆ ಗೊತ್ತಾಗಲಿಲ್ಲ. ಕೊನೆಯ ಕವಡೆಯನ್ನು ಅವನು ಚೀಲಕ್ಕೆ ಹಾಕಲಿಲ್ಲ. ಅಜ್ಜಿಯ ಅಂಗೈ ಬಿಡಿಸಿ ಅದರಲ್ಲಿಟ್ಟು, ಬೆರಳು ಮಡಿಚಿ, "ಬಾಗಿಲು" ಅಂದು ಎದ್ದು ನಿಂತ.